ಮೂವತ್ತಾರು ಲ್ಯಾಪ್‌ಟಾಪುಗಳ ಆಯುಧಪೂಜೆ

ನನ್ನ ಯಜಮಾನರು ಕೆಟ್ಟ ವಸ್ತುವನ್ನು ಮನೆಯಿಂದ ಹೊರಗೆ ಹಾಕಿದ್ದನ್ನು ನಾನು ನೋಡಿಲ್ಲ. ಮೂವತ್ತೆಂಟು ವರ್ಷ ಜೊತೆಯಲ್ಲಿದ್ದೆ. ಒಂದು ಸಲವೂ ನೋಡಿಲ್ಲ.

ಅವರ ಹೆಸರು ಪಟ್ಟಾಭಿರಾಮ. ಊರು ಅರಸೀಕೆರೆ ಹತ್ತಿರ. ವಡೋದರಾದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಮೂವತ್ತೊಂದು ವರ್ಷ ದುಡಿದರು. ನಿವೃತ್ತರಾದ ಮರುದಿನವೂ ಬೆಳಿಗ್ಗೆ ಆರಕ್ಕೆ ಎದ್ದರು. ಸ್ನಾನ ಮಾಡಿ, ಪ್ಯಾಂಟು ಹಾಕಿಕೊಂಡು, ಹೋಗುವುದಕ್ಕೆ ಎಲ್ಲೂ ಇಲ್ಲದೆ ನನ್ನ ಮಿಕ್ಸಿ ಬಿಚ್ಚಿದರು. ಮಿಕ್ಸಿ ಚೆನ್ನಾಗಿಯೇ ಇತ್ತು. "ಸದ್ದು ಸರಿಯಿಲ್ಲ" ಎಂದರು. ಒಂದು ವಾರದಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ, ಬಾಗಿಲ ಚಿಲಕ, ಕುಕ್ಕರಿನ ಹಿಡಿ ಎಲ್ಲವನ್ನೂ ಬಿಚ್ಚಿ ಜೋಡಿಸಿದರು. ಎಲ್ಲವೂ ನಡೆಯುತ್ತಿದ್ದವು. ಆದರೆ ಪ್ರತಿ ಸಲವೂ ಒಂದು ಸ್ಕ್ರೂ ಮಿಗುತ್ತಿತ್ತು. ಮಿಕ್ಕಿದ್ದನ್ನು ಒಂದು ಖಾಲಿ ಭರಣಿಯಲ್ಲಿ ಹಾಕುತ್ತಿದ್ದರು. ಒಂದು ದಿನ ಖಾಲಿ ಭರಣಿ ಬಿಟ್ಟು ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯಲ್ಲಿ ಹಾಕಿದರು. ಸ್ಕ್ರೂ ನನ್ನ ಹಲ್ಲಿಗೆ ಸಿಕ್ಕಿತು.

ಅವತ್ತು ಹೇಳಿದೆ.

"ರೀ, ಎಲ್ಲಾದ್ರೂ ಕೆಲಸಕ್ಕೆ ಹೋಗಿ. ಸಂಬಳ ಬೇಡ. ಮನೇಲಿರ್ಬೇಡಿ, ಅಷ್ಟೇ."

"ಯಾಕೆ, ನಾನು ನಿನಗೆ ತೊಂದರೆನಾ?"

"ನನಗಲ್ಲ. ಮಿಕ್ಸಿಗೆ."

ನಮ್ಮ ಬೀದಿಯ ಕೊನೆಯಲ್ಲಿ ಒಂದು ಟ್ರಸ್ಟಿನ ಶಾಲೆ ಇದೆ. ಪ್ರಿನ್ಸಿಪಾಲರು ತರುಲತಾಬೆನ್. ಅವರಿಗೆ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವುದಕ್ಕೆ, ಧೂಳು ಹೊಡೆಯುವುದಕ್ಕೆ ಒಬ್ಬರು ಬೇಕಾಗಿತ್ತು. ಇವರು ಹೋಗಿ ನಿಂತರು. ಅಲ್ಲಿಯವರು ಮಾತಾಡಿದ್ದು ಗುಜರಾತಿ, ಹಿಂದಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಕಂಪ್ಯೂಟರ್ ಬರುತ್ತಾ, ಕಾಕಾ?" ಎಂದು ತರುಲತಾಬೆನ್ ಕೇಳಿದರಂತೆ.

"ಬರಲ್ಲ. ಮಷೀನ್ ಬರುತ್ತೆ."

ಆ ಕೋಣೆಯಲ್ಲಿ ಮೂವತ್ತಾರು ಲ್ಯಾಪ್‌ಟಾಪುಗಳಿದ್ದವು. ಯಾರೋ ದಾನಿಗಳು ಕೊಡಿಸಿದ್ದು. ಇವರು ಮೊದಲ ದಿನ ಒಂದನ್ನು ತಲೆಕೆಳಗು ಮಾಡಿ ಬಹಳ ಹೊತ್ತು ನೋಡಿದರು. ಎಣ್ಣೆ ಬಿಡುವ ತೂತು ಹುಡುಕುತ್ತಿದ್ದರು. ಕಂಪ್ಯೂಟರ್ ಮೇಷ್ಟ್ರು ಇದಕ್ಕೆ ಎಣ್ಣೆ ಬೇಡ ಎಂದರು. ಇವರು ನಂಬಲಿಲ್ಲ. "ಎಣ್ಣೆ ಬೇಡದ ಮಷೀನು ನಾನು ನೋಡಿಲ್ಲ" ಎಂದು ಮನೆಗೆ ಬಂದು ನನ್ನ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ತೆಗೆದುಕೊಂಡು ಹೋದರು. ಮುಚ್ಚಳ ಮಡಚುವ ಕಡೆ ಎರಡು ಕೀಲು ಸಿಕ್ಕಿದವು. ಒಂದೊಂದು ಹನಿ ಬಿಟ್ಟರು. ಅಲ್ಲಿಯವರೆಗೆ ಕಿರ್ ಎನ್ನುತ್ತಿದ್ದ ಮುಚ್ಚಳಗಳು ಸದ್ದಿಲ್ಲದೆ ತೆರೆದುಕೊಂಡವು. ಮಕ್ಕಳು ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಇವರು ರಾಮಕಾಕಾ ಆದರು.

ಕಾರ್ಖಾನೆಯ ಹಾಗೆ ಪ್ರತಿಯೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದರು. ಮುರಿದ ಮೂಲೆಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದರು. ಅಕ್ಷರದ ಬಿಲ್ಲೆ ಕಿತ್ತುಹೋಗಿದ್ದರೆ ಅಂಗಿಯ ಗುಂಡಿ ಅಂಟಿಸಿದರು. ನನ್ನ ಕೆಂಪು ಸ್ವೆಟರಿನ ನಡುವಿನ ಗುಂಡಿ ಒಂಬತ್ತನೇ ನಂಬರಿಗೆ ಹೋಯಿತು. ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡಾಗ ಗೊತ್ತಾಯಿತು.

"ಗುಂಡಿ ಎಲ್ಲಿ?"

"ವಿದ್ಯಾದಾನ ಮಾಡಿದೆ."

ಹೀಗೆ ನಾಲ್ಕು ವರ್ಷ ನಡೆಯಿತು. ಐದನೇ ವರ್ಷ ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಮೂವತ್ತಾರು ಪರದೆಗಳ ಮೇಲೂ ಒಂದು ಹಳದಿ ಪಟ್ಟಿ ಬಂತು. ಇವರು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೋಗಲಿಲ್ಲ. ಎಂಟನೇ ತರಗತಿಯ ನಿಕಿತಾ ಎಂಬ ಹುಡುಗಿ ಓದಿ ಹೇಳಿದಳು.

"ಕಾಕಾ, ಅಕ್ಟೋಬರ್ ಮೂವತ್ತೊಂದಕ್ಕೆ ಇವುಗಳ ಅವಧಿ ಮುಗಿಯುತ್ತಂತೆ. ಆಮೇಲೆ ಪಾಠ ತೆರೆಯೋದಿಲ್ಲವಂತೆ."

"ಯಾರು ಹೇಳಿದ್ದು?"

"ಇದೇ ಹೇಳ್ತಾ ಇದೆ."

"ಇದಕ್ಕೆ ಹುಷಾರಿಲ್ವಾ?"

"ಹುಷಾರಾಗೇ ಇದೆ, ಕಾಕಾ."

"ಹುಷಾರಾಗಿರೋದು ಯಾಕೆ ಸಾಯುತ್ತೆ?"

ನಿಕಿತಾ ಮೇಷ್ಟ್ರನ್ನು ಕರೆದಳು. ಮೇಷ್ಟ್ರಿಗೆ ಗೊತ್ತಿತ್ತು. ಲ್ಯಾಪ್‌ಟಾಪು ಮಾಡಿದ ಕಂಪನಿ ಇಷ್ಟು ವರ್ಷ ಎಂದು ಮೊದಲೇ ಬರೆದಿಟ್ಟಿರುತ್ತದೆ. ಆ ದಿನ ಬಂದರೆ ಒಳಗಿನ ಪಾಠದ ಬಾಗಿಲು ಮುಚ್ಚುತ್ತದೆ. ಪೆಟ್ಟಿಗೆ ಚೆನ್ನಾಗಿರುತ್ತದೆ. ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ಕಂಪನಿಯೇ ಲಾರಿ ಕಳಿಸಿ ಸೂರತ್ತಿನ ಒಂದು ಶೆಡ್ಡಿಗೆ ಸಾಗಿಸುತ್ತದೆ. ಅಲ್ಲಿ ಒಡೆಯುತ್ತಾರೆ. ಟ್ರಸ್ಟಿನ ಸರದಿಯಲ್ಲಿ ಈ ಶಾಲೆಗೆ ಹೊಸದು ಬರುವುದು ಮೂರು ವರ್ಷದ ಮೇಲೆ. ಅಲ್ಲಿಯವರೆಗೆ ಮಕ್ಕಳಿಗೆ ಏನೂ ಇಲ್ಲ.

ಇವರು ಮಕ್ಕಳ ಮುಂದೆ ಒಂದೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟರು. ಮನೆಗೆ ಬಂದು ನನ್ನನ್ನು ಕೇಳಿದರು.

"ಹೇಳಿಬಿಟ್ಟೆ. ಈಗೇನು ಮಾಡೋದು?"

ಕಂಪನಿಯ ಕಚೇರಿ ಅಹಮದಾಬಾದಿನ ವಸ್ತ್ರಾಪುರದಲ್ಲಿತ್ತು. ಒಂಬತ್ತನೇ ನಂಬರನ್ನು ಟವೆಲಿನಲ್ಲಿ ಸುತ್ತಿಕೊಂಡು ಇವರು ರೈಲು ಹತ್ತಿದರು. ಅಲ್ಲಿಯ ಕೆರೆ ತೋರಿಸುತ್ತೇನೆ ಎಂದು ಆಸೆ ಹುಟ್ಟಿಸಿ ನನ್ನನ್ನೂ ಕರೆದುಕೊಂಡು ಹೋದರು. ಕೆರೆ ತೋರಿಸಲಿಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿದರು. ರೋಹಿತ್ ಎಂಬ ಹುಡುಗ ಬಂದ. ಮಗನ ವಯಸ್ಸು. ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ.

"ಕಾಕಾ, ಡೇಟ್ ಮುಗೀತು ಅಂದ್ರೆ ಮುಗೀತು. ಹಾಲಿನ ಪ್ಯಾಕೆಟ್ ಇಲ್ವಾ? ಹಾಗೆ."

"ಹಾಲು ಕೆಡುತ್ತೆ ಅಂತ ತಾರೀಖು ಹಾಕ್ತಾರೆ. ತಾರೀಖು ಹಾಕಿದ್ದಕ್ಕೆ ಹಾಲು ಕೆಡಲ್ಲ."

ರೋಹಿತ್ ನನ್ನ ಮುಖ ನೋಡಿದ. ನಾನು ಅವನ ಚಹಾ ಕುಡಿಯುತ್ತಿದ್ದೆ.

"ಪಾಲಿಸಿ, ಕಾಕಾ."

"ಯಾರು ಮಾಡಿದ್ದು?"

"ಮೇಲಿನವರು."

"ಯಾವ ಮಹಡಿ?"

ರೋಹಿತ್ ನಕ್ಕ. ಇವರು ತಮಾಷೆ ಮಾಡಿರಲಿಲ್ಲ. ಎದ್ದು ಲಿಫ್ಟಿನ ಕಡೆ ಹೊರಟಿದ್ದರು. ಅವನು ಓಡಿಬಂದು ಹಿಡಿದುಕೊಂಡ.

ಮುಂದಿನ ವಾರ ಸೂರತ್ತಿಗೆ ಹೋದರು. ಅಲ್ಲಿ ಅಡಾಜಣ್‌ನಲ್ಲಿ ನಮ್ಮ ಮಗಳು ಸಂಹಿತಾ ಇದ್ದಾಳೆ. ಮಗಳನ್ನು ನೋಡಿ ಬರುತ್ತೇನೆ ಎಂದರು. ನೋಡಿದ್ದು ಪಾಂಡೇಸರಾದ ಆ ಒಡೆಯುವ ಶೆಡ್ಡನ್ನು. ಸಂಹಿತಾ ಫೋನ್ ಮಾಡಿ ಕಿರುಚಾಡಿದಳು. ಅವಳು ಹುಟ್ಟಿ ಬೆಳೆದದ್ದು ಗುಜರಾತಿನಲ್ಲಿ. ಅವಳ ಕನ್ನಡದಲ್ಲಿ ಎಲ್ಲವೂ ಇರುತ್ತದೆ.

"ಮಮ್ಮೀ, ಅಪ್ಪ ಆ ಶೆಡ್ ಮುಂದೆ ಟೂ ಅವರ್ಸ್ ನಿಂತಿದ್ರು! ಆ ಲೋಗ್ ಇವರನ್ನ ಇನ್‌ಸ್ಪೆಕ್ಟರ್ ಅಂತ ಸಮಜ್ಕೊಂಡು ಕುರ್ಚಿ ಹಾಕಿ ಚಾಯ್ ಕೊಟ್ರು. ಅಪ್ಪ ಕೂತ್ಕೊಂಡು ಕುಡಿದ್ರು ಮಮ್ಮೀ!"

"ಸಕ್ಕರೆ ಹಾಕಿಸ್ಕೊಂಡ್ರಾ?"

"ಮಮ್ಮೀ!"

ಇವರು ತಿರುಗಿ ಬಂದರು. ಸಂಹಿತಾ ಕಳಿಸಿದ ಘಾರಿ ಡಬ್ಬಿ ತೆರೆಯಲಿಲ್ಲ. ಸಿಹಿ ಎಂದರೆ ಪ್ರಾಣ ಬಿಡುತ್ತಿದ್ದವರು. ಕೊನೆಗೆ ಹೇಳಿದರು.

"ಅವು ಇನ್ನೂ ಉರೀತಾ ಇದ್ವು ಕಣೇ. ಪರದೆ ಬೆಳಕಿತ್ತು. ಸುತ್ತಿಗೇಲಿ ಒಡೆದ್ರು."

ನಾನು ತಟ್ಟೆ ಇಟ್ಟೆ. ಹುಳಿ ಬಡಿಸಿದೆ.

ಮರುದಿನದಿಂದ ರೋಹಿತ್‌ಗೆ ಫೋನ್. ಬೆಳಿಗ್ಗೆ ಹತ್ತಕ್ಕೆ, ಹಾಲಿನವನ ಹಾಗೆ, ತಪ್ಪದೆ. ಮೊದಲ ದಿನ ಪಾಲಿಸಿಯ ವಿಷಯ. ಎರಡನೇ ದಿನವೂ ಅದೇ. ಎಂಟನೇ ದಿನದ ಹೊತ್ತಿಗೆ ಅವನ ತಾಯಿಯ ಮಂಡಿನೋವು, ಅವನ ಹೋಟೆಲ್ ಊಟ, ಅವನಿಗೆ ನೋಡುತ್ತಿರುವ ಹುಡುಗಿ, ಎಲ್ಲ ಇವರಿಗೆ ಗೊತ್ತಾಗಿತ್ತು. ಹತ್ತೊಂಬತ್ತನೇ ದಿನ ಅವನು ಸೋತ.

"ಕಾಕಾ, ಒಂದು ನಿಯಮ ಇದೆ. ಫಿಟ್‌ನೆಸ್ ಟೆಸ್ಟ್. ಪಾಸಾದ್ರೆ ಎರಡು ವರ್ಷ ಹೆಚ್ಚಿಗೆ ಕೊಡ್ತಾರೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲ್ಲ. ಅದಕ್ಕೆ ನಾವು ಹೇಳಲ್ಲ."

ಪರೀಕ್ಷೆ ಹೀಗೆ. ಒಂದು ದಿನ ಹನ್ನೊಂದರಿಂದ ಹನ್ನೆರಡರ ಒಳಗೆ ಮೂವತ್ತು ಲ್ಯಾಪ್‌ಟಾಪುಗಳ ಮುಂದೆ ಮೂವತ್ತು ಮಕ್ಕಳು ಕೂರಬೇಕು. ಟೈಪು ಮಾಡಬೇಕು. ಲ್ಯಾಪ್‌ಟಾಪಿನ ಕಣ್ಣಿನಿಂದ ಪ್ರತಿ ಮಗುವಿನ ಮುಖವೂ ಹದಿನೈದು ನಿಮಿಷ ಎಡೆಬಿಡದೆ ವಸ್ತ್ರಾಪುರದಲ್ಲಿ ಕಾಣಬೇಕು. ಮೂವತ್ತು ಪಾಸಾದರೆ ಮೂವತ್ತಾರೂ ಉಳಿಯುತ್ತವೆ. ಇಪ್ಪತ್ತೊಂಬತ್ತಾದರೆ ಮೂವತ್ತಾರೂ ಲಾರಿಗೆ.

ದಿನವನ್ನು ಕಂಪನಿಯೇ ಕೊಟ್ಟಿತು. ಅಕ್ಟೋಬರ್ ಇಪ್ಪತ್ತಮೂರು, ಸೋಮವಾರ. ಇವರು ಕ್ಯಾಲೆಂಡರ್ ನೋಡಿ ಕೂಗಿದರು.

"ಅನಸೂ! ಅವತ್ತು ಆಯುಧಪೂಜೆ ಕಣೇ!"

"ಪೂಜೆ ಮಾಡಿದ ಮಷೀನನ್ನ ಅವತ್ತು ಮುಟ್ಟೋ ಹಾಗಿಲ್ಲ. ಪರೀಕ್ಷೆ ಹೇಗೆ ಮಾಡ್ತೀರಿ?"

"ಕಾರ್ಖಾನೇಲಿ ಪೂಜೆ ಆದ್ಮೇಲೆ ಒಂದು ಸಲ ಓಡಿಸಿ ನಿಲ್ಲಿಸ್ತಿದ್ವಿ. ಇವೂ ಒಂದು ಗಂಟೆ ಓಡ್ಲಿ. ಆಮೇಲೆ ರೆಸ್ಟು."

"ಪರೀಕ್ಷೆ ಆದ್ಮೇಲೆ ಪೂಜೆ ಮಾಡಿದ್ರೆ?"

"ಮೂವತ್ತೊಂದು ವರ್ಷ ಪೂಜೆ ಇಲ್ದೆ ಟ್ರಯಲ್ ಕೊಟ್ಟಿಲ್ಲ ನಾನು. ಈಗ ಕೊಡ್ಲಾ?"

ಗುಜರಾತಿನವರು ಮಷೀನಿಗೆ, ಗಾಡಿಗೆ ಪೂಜೆ ಮಾಡುವುದು ಮರುದಿನ, ದಸರೆಗೆ. ತರುಲತಾಬೆನ್ ಇವರ ಪೂಜೆ ಸಾಮಾನಿನ ಪಟ್ಟಿ ಓದಿ ಕನ್ನಡಕ ತೆಗೆದರು.

"ಕಾಕಾ, ಮೂವತ್ತಾರು ನಿಂಬೆಹಣ್ಣು ಯಾಕೆ?"

"ಚಕ್ರದ ಕೆಳಗಿಡೋದಕ್ಕೆ."

"ಲ್ಯಾಪ್‌ಟಾಪಿಗೆ ಚಕ್ರ ಎಲ್ಲಿದೆ?"

ಇವರು ಒಂದು ದಿನ ಯೋಚನೆ ಮಾಡಿ ಹಿಂಭಾಗದ ಕೆಳಗೆ ಇಡಬಹುದು ಎಂದು ತೀರ್ಮಾನಿಸಿದರು. ಬೂದುಗುಂಬಳಕ್ಕೆ ಮಾರ್ಕೆಟ್ಟೆಲ್ಲ ಸುತ್ತಿದೆವು. ತರಕಾರಿಯವಳು ಪೇಠಾ ಮಿಠಾಯಿ ಮಾಡುತ್ತೀರಾ ಎಂದಳು. ಇಲ್ಲ, ಒಡೆಯುತ್ತೇವೆ ಎಂದೆ. ಅವಳು ಕಾಯಿಯನ್ನು ಹಿಂದಕ್ಕೆ ಎಳೆದುಕೊಂಡಳು. ಹಣದ ಜೊತೆ ನಾಲ್ಕು ಸಮಾಧಾನದ ಮಾತನ್ನೂ ಕೊಡಬೇಕಾಯಿತು.

ಸೋಮವಾರ ಎಂಟಕ್ಕೇ ಹೋದೆವು. ಇವರು ಹೊಸ್ತಿಲಿನಿಂದ ಹಿಡಿದು ಕಿಟಕಿಯವರೆಗೆ ಎಲ್ಲ ಒರೆಸಿದರು. ಚೆಂಡುಹೂ ಇಟ್ಟರು. ಊದುಬತ್ತಿ ಹಚ್ಚಿದರು. ನಿಂಬೆಹಣ್ಣಿನ ಮೇಲೆ ಕೂತ ಲ್ಯಾಪ್‌ಟಾಪುಗಳು ಮುಂದಕ್ಕೆ ಬಾಗಿ ನಮಸ್ಕಾರ ಮಾಡುವ ಹಾಗೆ ಕಾಣುತ್ತಿದ್ದವು. ಕುಂಕುಮ ಇಡುವ ಕೆಲಸ ನನ್ನದು. ಒಣ ಕುಂಕುಮ ನಿಲ್ಲಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಎಲ್ಲಿ ಇಡಬೇಕು ಎಂದು ನೋಡಿದೆ. ಮುಚ್ಚಳ ತೆರೆದರೆ ಪರದೆಯ ಮೇಲ್ಗಡೆ, ಸರಿಯಾಗಿ ಮಧ್ಯದಲ್ಲಿ, ಒಂದು ಸಣ್ಣ ದುಂಡು ಗುರುತಿತ್ತು. ಹಣೆ ಅದೇ ಎಂದುಕೊಂಡೆ. ಜಾಗ ಮಾಡಿಯೇ ಇಟ್ಟಿದ್ದಾರೆ ಎಂದುಕೊಂಡೆ. ಮೂವತ್ತಾರಕ್ಕೂ ಅಲ್ಲೇ ಇಟ್ಟೆ. ಒಂದೂ ಆಚೀಚೆ ಆಗಲಿಲ್ಲ. ನನ್ನ ಕೈ ನೇರ.

ಇವರು ನೋಡಿ, "ಲಕ್ಷಣವಾಗಿದೆ" ಎಂದರು.

ಬಾಗಿಲಲ್ಲಿ ಬೂದುಗುಂಬಳ ಒಡೆದರು. ತರುಲತಾಬೆನ್ ಹೊಸ ಚಪ್ಪಲಿಯಲ್ಲಿ ಬಂದು ಅದರ ತಿರುಳಿನ ಮೇಲೆ ಕಾಲಿಟ್ಟು ಜಾರಿ ಇವರ ಕಾಲರ್ ಹಿಡಿದುಕೊಂಡರು. ಇಬ್ಬರೂ ಕೂತರು. ನಿಧಾನವಾಗಿಯೇ ಕೂತರು. ಏಟಾಗಲಿಲ್ಲ.

"ಇದೂ ಪೂಜೆಯಲ್ಲಿ ಬರುತ್ತಾ ಕಾಕಾ?"

"ಇಲ್ಲ ಬೆನ್. ಇದು ಹೆಚ್ಚಿಗೆ."

ಮೂವತ್ತಾರು ಮಕ್ಕಳ ಹೆಸರು ಬರೆದಿಟ್ಟಿದ್ದರು. ನವರಾತ್ರಿಯ ಗರ್ಬಾ ಕುಣಿದು ದಣಿದವರಲ್ಲಿ ಬಂದದ್ದು ಮೂವತ್ತೊಂದು. ಬಂದವರೂ ಅರ್ಧ ನಿದ್ದೆಯಲ್ಲಿದ್ದರು. ಮೂವತ್ತೊಂದು ಸಾಕು ಎಂದು ಇವರು ಖುಷಿಯಾಗಿದ್ದರು. ಹನ್ನೊಂದಕ್ಕೆ ಎಲ್ಲರೂ ಕೂತರು. ಟೈಪು ಶುರುವಾಯಿತು. ಇವರು ಕೈ ಕಟ್ಟಿಕೊಂಡು ನಿಂತರು. ಶಿಫ್ಟು ಶುರುವಾದಾಗ ಹೀಗೇ ನಿಲ್ಲುತ್ತಿದ್ದೆ ಎಂದು ನನಗೆ ಹೇಳಿದರು.

ಹನ್ನೊಂದೂಕಾಲಿಗೆ ಫೋನ್ ಬಂತು. ಸ್ಪೀಕರಿಗೆ ಹಾಕಿದರು. ರೋಹಿತ್‌ನ ದನಿ.

"ಕಾಕಾ, ಏನಾಗ್ತಾ ಇದೆ ಅಲ್ಲಿ? ಒಂದೂ ಮುಖ ಇಲ್ಲ. ಎಲ್ಲಾ ಕೆಂಪು!"

"ಕೆಂಪು ಅಂದ್ರೆ?"

"ಬೆಂಕಿ ಥರ ಕೆಂಪು. ಎಲ್ಲದರಲ್ಲೂ. ಒಳಗೆ ಏನಾದ್ರೂ ಹತ್ಕೊಂಡಿದೆಯಾ?"

ಇವರು ಒಂದನೇ ನಂಬರಿಗೆ ಮೂಗಿಟ್ಟು ಮೂಸಿದರು. ಎರಡನೆಯದನ್ನು ಮೂಸಿದರು. ಕೋಣೆಯ ತುಂಬ ಊದುಬತ್ತಿಯ ಹೊಗೆ. ವಾಸನೆ ಬರದೆ ಇರುತ್ತದೆಯೇ?

"ಹೊಗೆ ಇದೆ!" ಎಂದು ಕೂಗಿದರು.

ವಾಚ್‌ಮನ್ ಮರಳಿನ ಬಕೆಟ್ ಹಿಡಿದು ಓಡಿಬಂದ. ಒಂದನೇ ನಂಬರಿನ ಮೇಲೆ ಸುರಿಯುವುದರಲ್ಲಿದ್ದ. ತರುಲತಾಬೆನ್ ಅಡ್ಡ ನಿಂತರು. ಮರಳು ಅವರ ಹೊಸ ಚಪ್ಪಲಿಗೆ ಬಿತ್ತು. ಇವರು ಸ್ಕ್ರೂ ಡ್ರೈವರ್ ತೆಗೆದು ಐದನೇ ನಂಬರಿನ ಬೆನ್ನು ಬಿಚ್ಚಿದರು. ಒಳಗೆ ಬೆಂಕಿ ಇರಲಿಲ್ಲ. ಒಂದು ಸತ್ತ ಜಿರಲೆ ಇತ್ತು. ಅದೂ ಹಳೆಯದು.

ಹನ್ನೊಂದೂವರೆಯಾಯಿತು. ಪರೀಕ್ಷೆ ಕೆಟ್ಟಿತು ಎಂದುಕೊಂಡು ಇಬ್ಬರು ಹುಡುಗರು ಚೀಲ ಎತ್ತಿಕೊಂಡು ಮನೆಗೆ ಓಡಿದರು. ಯಾರೂ ನೋಡಲಿಲ್ಲ. ಇವರು ಕುರ್ಚಿಯಲ್ಲಿ ಕೂತುಬಿಟ್ಟರು. ಮುಖದಲ್ಲಿ ರಕ್ತ ಇರಲಿಲ್ಲ. ನನಗೆ ಲ್ಯಾಪ್‌ಟಾಪು ಹೋದರೆ ಹೋಗಲಿ, ಇವರು ಏಳಲಿ ಅನ್ನಿಸಿತು.

ಆಗ ಹದಿನಾಲ್ಕನೇ ನಂಬರಿನಲ್ಲಿ ನಿಕಿತಾ ತೂಕಡಿಸಿದಳು. ತಲೆ ಮುಂದಕ್ಕೆ ಬಿದ್ದು ಹಣೆ ಹೋಗಿ ಪರದೆಯ ತಲೆಗೆ ಒತ್ತಿತು. ಎಚ್ಚೆತ್ತು ಹಿಂದಕ್ಕೆ ಬಂದಳು.

"ಒಂದು ನಿಮಿಷ!" ಫೋನಿನಲ್ಲಿ ರೋಹಿತ್ ಕೂಗಿದ. "ಹದಿನಾಲ್ಕು ಬಂತು! ಮಂಕಾಗಿ ಒಂದು ಹುಡುಗಿ ಕಾಣ್ತಾಳೆ. ಹಣೆ ಮೇಲೆ ಇಷ್ಟು ದೊಡ್ಡ ಕುಂಕುಮ ಇದೆ."

ಇವರು ನಿಕಿತಾಳ ಹಣೆ ನೋಡಿದರು. ಹದಿನಾಲ್ಕನೇ ನಂಬರನ್ನು ನೋಡಿದರು. ಮಿಕ್ಕ ಮೂವತ್ತೈದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅನಸೂಯಾ."

ಅನಸೂ ಎನ್ನುವವರು ಪೂರ್ತಿ ಹೆಸರು ಹಿಡಿದರೆ ನಾನು ಏನೋ ಮಾಡಿದ್ದೇನೆ ಎಂದೇ ಅರ್ಥ.

"ಹಣೆಗೆ ಇಟ್ಟೆ" ಎಂದೆ.

"ಅದು ಹಣೆ ಅಲ್ಲ ಕಣೇ. ಕಣ್ಣು."

"ನನಗೇನು ಗೊತ್ತು? ನೀವೇ ಲಕ್ಷಣವಾಗಿದೆ ಅಂದ್ರಿ."

ಜಗಳಕ್ಕೆ ಹೊತ್ತಿರಲಿಲ್ಲ. ಹನ್ನೆರಡಕ್ಕೆ ಮುಗಿಯಬೇಕಾದರೆ ಹನ್ನೊಂದೂ ಮುಕ್ಕಾಲಿಗೆ ಮುಖ ಕಾಣಬೇಕು. ನಾನು ಸೆರಗಿನಲ್ಲಿ ಒರೆಸಿದೆ. ಎಣ್ಣೆ ಕುಂಕುಮ. ಇನ್ನೂ ಹರಡಿತು. ರೋಹಿತ್ ಈಗ ಎಲ್ಲ ಗುಲಾಬಿ ಎಂದ. ಇವರು ಕುರ್ಚಿಯಿಂದ ಎದ್ದರು. ಮುಖಕ್ಕೆ ರಕ್ತ ಬಂದಿತ್ತು. ಬೋರ್ಡಿನ ಹತ್ತಿರ ಓಡಿ ಸೀಮೆಸುಣ್ಣದ ಡಬ್ಬಿ ತಂದು ನೆಲಕ್ಕೆ ಸುರಿದು ಚಪ್ಪಲಿಯಲ್ಲಿ ಅರೆದರು. ಗಾಜಿನ ಮೇಲೆ ಎಣ್ಣೆ ಬಿದ್ದರೆ ಕಾರ್ಖಾನೆಯಲ್ಲಿ ಹೀಗೇ ತೆಗೆಯುತ್ತಿದ್ದರಂತೆ. ಪುಡಿ ಎಣ್ಣೆ ಹೀರುತ್ತದೆ.

"ಬೆರಳಲ್ಲಿ ಹಚ್ಚಿ! ಊದಿ! ಒಣ ಬಟ್ಟೇಲಿ ಒರೆಸಿ!"

ಮಕ್ಕಳ ನಿದ್ದೆ ಹಾರಿಹೋಯಿತು. ಹಚ್ಚಿದರು, ಊದಿದರು, ಅಂಗಿಯ ತುದಿಯಲ್ಲಿ ಒರೆಸಿದರು. ಒಬ್ಬರು ಊದಿದ್ದು ಪಕ್ಕದವರ ಕಣ್ಣಿಗೆ ಹೋಯಿತು. ಎಲ್ಲರೂ ಬೆಳ್ಳಗಾದರು. ಫೋನಿನಲ್ಲಿ ರೋಹಿತ್ ಕ್ರಿಕೆಟ್ ಹೇಳುವವರ ಹಾಗೆ ಲೆಕ್ಕ ಹೇಳುತ್ತಿದ್ದ. ಹನ್ನೊಂದು. ಹತ್ತೊಂಬತ್ತು. ಇಪ್ಪತ್ತಾರು. ಇಪ್ಪತ್ತೊಂಬತ್ತು.

ಅಲ್ಲಿಗೆ ನಿಂತಿತು.

"ಇನ್ನೊಂದು, ಕಾಕಾ. ಬೇಗ."

ಆಗ ಓಡಿಹೋದ ಹುಡುಗರ ವಿಷಯ ಗೊತ್ತಾಯಿತು. ಲ್ಯಾಪ್‌ಟಾಪು ಇತ್ತು. ಮುಖ ಇರಲಿಲ್ಲ. ತರುಲತಾಬೆನ್ ಕೂರುವ ಹಾಗಿರಲಿಲ್ಲ. ಮೇಷ್ಟ್ರು, ವಾಚ್‌ಮನ್, ಇವರು, ಯಾರೂ ಕೂರುವ ಹಾಗಿರಲಿಲ್ಲ. ಸಿಬ್ಬಂದಿಯ ಮುಖವೆಲ್ಲ ಕಂಪನಿಯ ಪಟ್ಟಿಯಲ್ಲಿತ್ತು. ನನ್ನ ಮುಖ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಇವರು ಒಂಬತ್ತನೇ ನಂಬರನ್ನು ಒರೆಸಿ, ನನ್ನ ಭುಜ ಹಿಡಿದು ಅದರ ಮುಂದೆ ಕೂರಿಸಿದರು. ಆ ದಿನ ಬಾರದ ಒಬ್ಬ ಹುಡುಗಿಯ ಹೆಸರು ಪರದೆಯ ಮೇಲೆ ಇತ್ತು. ಎಂಟನೇ ತರಗತಿ.

"ಟೈಪ್ ಮಾಡು."

"ಏನು ಮಾಡ್ಲಿ? ನಂಗೆ ಬರಲ್ಲ."

"ನಿನ್ನ ಗುಂಡಿ ಇದೆಯಲ್ಲ, ಅದನ್ನೇ ಒತ್ತು."

ಸ್ವೆಟರಿನ ಕೆಂಪು ಗುಂಡಿ ಒತ್ತಿದೆ. ಒಂದು ಅಕ್ಷರ ಬಂತು. ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ ಬಂತು. ಒತ್ತುತ್ತಾ ಹೋದೆ. ಕಣ್ಣು ಆ ದುಂಡು ಗುರುತಿನ ಮೇಲೇ ಇಟ್ಟಿದ್ದೆ.

"ರೆಪ್ಪೆ ಬಡಿ, ಅನಸೂ. ಇಲ್ದಿದ್ರೆ ಫೋಟೋ ಇಟ್ಟಿದೀವಿ ಅಂದ್ಕೋತಾರೆ."

ರೆಪ್ಪೆ ಬಡಿದೆ. ಆಮೇಲೆ ರೋಹಿತ್ ಕೇಳಿದ.

"ಕಾಕಾ, ಒಂಬತ್ತನೇ ನಂಬರಿನ ವಿದ್ಯಾರ್ಥಿನಿ ಸ್ವಲ್ಪ ದೊಡ್ಡವಳ ಹಾಗೆ ಕಾಣ್ತಾಳೆ."

"ಎರಡು ಸಲ ಫೇಲಾಗಿದ್ದಾಳೆ" ಎಂದರು ಇವರು.

"ಎರಡೇ ಸಲವಾ?"

ಕೆಮ್ಮು ಬಂದರೂ ಯಾರೂ ಕೆಮ್ಮಲಿಲ್ಲ. ಸೀಮೆಸುಣ್ಣದ ಪುಡಿ ನನ್ನ ಮೂಗಿಗೂ ಹೋಗಿತ್ತು. ಸೀನು ಬರುತ್ತಿತ್ತು. ಸೀನಿದರೆ ಮುಖ ತಪ್ಪುತ್ತದೆ, ಮುಖ ತಪ್ಪಿದರೆ ಎಲ್ಲ ಲಾರಿಗೆ. ಇವರು ಹಿಂದಿನಿಂದ ಕೈ ಚಾಚಿ ನನ್ನ ಮೂಗಿನ ತುದಿ ಹಿಡಿದುಕೊಂಡರು. ಹಾಗೆಯೇ ನಿಂತರು. ಐದು ನಿಮಿಷ.

"ಈಗ ಒಂದು ಕೈ ಕಾಣ್ತಾ ಇದೆ" ಎಂದ ರೋಹಿತ್.

"ಮುಖ ಕಾಣ್ತಾ ಇದೆಯೋ ಇಲ್ವೋ?"

"ಕಾಣ್ತಾ ಇದೆ."

"ಕೈ ಕಾಣಬಾರದು ಅಂತ ನಿಯಮ ಇದೆಯಾ?"

ಅವನು ನಿಯಮದ ಪುಸ್ತಕ ಮಗುಚುವ ಸದ್ದು ಕೇಳಿಸಿತು. ಇರಲಿಲ್ಲ.

ಹನ್ನೆರಡಕ್ಕೆ ಒಂದು ನಿಮಿಷ ಇರುವಾಗ ಮೂವತ್ತು ಎಂದ. ನಾನು ಏಳು ಸಲ ಸೀನಿದೆ. ಮಕ್ಕಳು ಕುಣಿದರು. ನಾನು ಓದಿದ್ದು ಆರನೇ ತರಗತಿ. ಅವತ್ತು ಎಂಟನ್ನು ಪಾಸು ಮಾಡಿದೆ. ಟೈಪಿನಲ್ಲಿ ನೂರಕ್ಕೆ ಸೊನ್ನೆ ಬಂದಿತ್ತು. ವೇಗ ಮಾತ್ರ ಎಲ್ಲರಿಗಿಂತ ಹೆಚ್ಚು.

ಇವರು ಮೂವತ್ತಾರನ್ನೂ ಮುಚ್ಚಿ ಇವತ್ತು ಇನ್ನು ಯಾರೂ ಮುಟ್ಟಬಾರದು ಎಂದರು. ನಿಂಬೆಹಣ್ಣು ಒಟ್ಟು ಮಾಡಿ ಮಕ್ಕಳಿಗೆಲ್ಲ ಶರಬತ್ತು ಮಾಡಿಸಿದರು. ಎರಡು ವಾರದ ಮೇಲೆ ಕಂಪನಿಯ ಕಾಗದ ಬಂತು. ಎರಡು ವರ್ಷ. ಹಳದಿ ಪಟ್ಟಿ ಹೋಯಿತು.

ಇವರು ಹೋದದ್ದು ಅದಾದ ಮಾರ್ಚಿನಲ್ಲಿ. ಬೆಳಿಗ್ಗೆ ಶಾಲೆಗೆ ಹೊರಟು ಷೂ ಹಾಕಿಕೊಳ್ಳುವಾಗ ಎದೆ ಹಿಡಿದುಕೊಂಡರು. ಒಂದು ಕಾಲಿಗೆ ಹಾಕಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಆಗಿಹೋಗಿದೆ ಎಂದರು. ಇನ್ನೊಂದು ಸಲ ನೋಡಿ ಎಂದೆ. ಪಾಪ, ನೋಡಿದರು.

ಸಂಹಿತಾ ಸೂರತ್ತಿಗೆ ಬಾ ಎನ್ನುತ್ತಾಳೆ. ಹೋಗಿಲ್ಲ. ಮೇ ತಿಂಗಳಲ್ಲಿ ತರುಲತಾಬೆನ್ ಬಂದು ಬೀಗದ ಕೈ ಕೊಟ್ಟರು. ಕೋಣೆ ತೆಗೆಯುತ್ತೀರಾ ಎಂದರು. ಎಣ್ಣೆ ಬಿಡುವುದು ನನಗೆ ಬರುತ್ತದೆ. ಹೋಗುತ್ತಿದ್ದೇನೆ.

ಈ ವರ್ಷ ಹಳದಿ ಪಟ್ಟಿ ಮತ್ತೆ ಬಂತು. ತರುಲತಾಬೆನ್ ಸಾಕು ಬಿಡಿ ಕಾಕಿ, ಒಂದು ವರ್ಷ ಹೇಗೋ ತಳ್ಳಿದರೆ ಹೊಸದು ಬರುತ್ತದೆ ಎಂದರು. ಒಂದು ವರ್ಷ ಮಕ್ಕಳು ಏನು ಮಾಡಬೇಕು? ಇವರ ಫೋನಿನಲ್ಲಿ ರೋಹಿತ್‌ನ ನಂಬರು ಇತ್ತು. ಬೆಳಿಗ್ಗೆ ಹತ್ತಕ್ಕೆ ಮಾಡಿದೆ.

"ಕಾಕಾ! ಎಷ್ಟು ದಿನ ಆಯ್ತು!" ಎಂದ.

"ಕಾಕಾ ಅಲ್ಲ. ಎಂಟನೇ ಕ್ಲಾಸಿನವಳು."

ನಕ್ಕ. ಕಾಕಾ ಎಲ್ಲಿ ಎಂದ. ಹೇಳಿದೆ. ಆಮೇಲೆ ಕೇಳಿದೆ.

"ಎರಡು ವರ್ಷ ಒಂದೇ ಸಲ ಕೊಡೋದು ಅಂತ ನಿಯಮ ಇದೆಯಾ?"

"ಇಲ್ಲ, ಕಾಕಿ. ಎರಡನೇ ಸಲ ಯಾರೂ ಕೇಳಿಲ್ಲ."

"ನಾನು ಕೇಳ್ತಾ ಇದೀನಿ. ದಿನ ಕೊಡು."

ಕೊಟ್ಟ. ಬರುವ ಮಂಗಳವಾರ, ಹನ್ನೊಂದಕ್ಕೆ. ದೀಪಾವಳಿ ರಜೆ. ಮಕ್ಕಳೆಲ್ಲ ಮಾಮನ ಮನೆಗೆ ಹೋಗಿವೆ. ಮನೆ ಮನೆ ಸುತ್ತಿ ಇಪ್ಪತ್ತೇಳು ಮುಖ ಹಿಡಿದಿದ್ದೇನೆ. ನನ್ನದು ಸೇರಿದರೆ ಇಪ್ಪತ್ತೆಂಟು. ಇನ್ನೆರಡಕ್ಕೆ ಸಂಜೆ ಹಿಂಬದಿಯ ಹೌಸಿಂಗ್ ಸೊಸೈಟಿಗೆ ಹೋಗಬೇಕು. ಅಲ್ಲಿ ಅವಳಿ ಮಕ್ಕಳಿದ್ದಾರಂತೆ.